ಮೇಜಿನ ಮೇಲಿನ ಗಂಟೆ

ಅಕ್ಕಾ, ಈ ಪತ್ರ ನಾನು ಕಳಿಸುವುದಿಲ್ಲ, ನೀನು ಓದುವುದಿಲ್ಲ. ಆದರೂ ವರದಿ ಒಪ್ಪಿಸುತ್ತೇನೆ.

ಇವತ್ತು ನಮ್ಮ ಸೇವಾಸಂಸ್ಥೆಯ ಸಭೆಯಲ್ಲಿ ಹೊಸ ಸ್ವಯಂಸೇವಕಿಯೊಬ್ಬಳು ಎದ್ದು, “ದೊಡ್ಡೋರೆಲ್ಲ ಮಾರ್ಗದರ್ಶನ ಮಾಡ್ತೀರ, ನಮ್ಮನ್ನ ಒಂದು ಮಾತು ಕೇಳಲ್ಲ” ಎಂದಳು. ಹಿರಿಯರ ಮುಖ ಹುಳ್ಳಗಾಯಿತು. ನಿವೃತ್ತ ಹೆಡ್‌ಮಾಸ್ತರರು ಅಧ್ಯಕ್ಷೆಯಾದ ನನ್ನತ್ತ ಬಾಗಿ, “ಗಂಟೆ ಬಾರಿಸಿ, ಅತಿಯಾಯ್ತು” ಎಂದರು.

ಅದೇ ಗಂಟೆ, ಅಕ್ಕಾ. ಆರು ವರ್ಷದ ಹಿಂದೆ ಇದೇ ಮಾತನ್ನು ನೀನು ಅರ್ಧ ಹೇಳುವಷ್ಟರಲ್ಲಿ ನಾನು ಬಾರಿಸಿದ್ದು. ನೀನು ಚಪ್ಪಲಿ ಮೆಟ್ಟಿ ಹೊರಟುಹೋದದ್ದು.

ಇವತ್ತು ಆ ಗಂಟೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. “ನಿಧಾನವಾಗಿ ಹೇಳಮ್ಮ, ಪೂರ್ತಿ ಹೇಳು” ಎಂದೆ. ಮುಕ್ಕಾಲು ತಾಸು ಹೇಳಿದಳು.

ಮನೆಗೆ ನಡೆದು ಬರುವಾಗ ಹೆಜ್ಜೆಹೆಜ್ಜೆಗೂ ಗಂಟೆ ಚೀಲದೊಳಗೆ ಕಿಣಿಕಿಣಿ ಎನ್ನುತ್ತಿತ್ತು. ಎನ್ನಲಿ. ನಾನಿರುವವರೆಗೆ ಆ ಮೇಜಿಗೆ ಅದು ವಾಪಸ್ ಹೋಗುವುದಿಲ್ಲ.