ಅಕ್ಕವ್ವನ ಅರ್ಜಿಯಿಂದ ನಾನು ಕತ್ತರಿಸಿದ ಕಡೆಯ ಸಾಲು

ಕಾಲುವೆ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಪಾಲಬಾವಿಯ ಅಕ್ಕವ್ವನ ಹೊಲದ ಬಾವಿಯನ್ನು ಬಿಟ್ಟು, ಇಪ್ಪತ್ತು ಅಡಿ ಆಚೆಯಿಂದ ಕಾಲುವೆ ಹೋಗಲಿ. ಈ ವಾಕ್ಯ 1991ರ ಮಾರ್ಚ್ ತಿಂಗಳಲ್ಲಿ ತಮ್ಮ ಕಚೇರಿಗೆ ತಲುಪಬೇಕಾಗಿತ್ತು. ಐದು ವರ್ಷ ತಡವಾಗಿ ಇಂದು ತಲುಪುತ್ತಿದೆ. ಅಷ್ಟರಲ್ಲಿ ತಮ್ಮ ಕಚೇರಿ ಬಾವಿಯನ್ನು ಮುಚ್ಚಿಸಿ, ಅದರ ಮೇಲೆ ಕಾಲುವೆಯ ಏರಿ ಹಾಕಿಸಿದೆ, ಏರಿಯ ಮೇಲೆ ಜಾಲಿ ಕಂಟಿ ಆಳೆತ್ತರ ಬೆಳೆದಿದೆ. ತಡವಾದದ್ದಕ್ಕೆ ಅಂಚೆಯವರು ಕಾರಣರಲ್ಲ. ತಮ್ಮ ಕಚೇರಿಯೂ ಪೂರ್ತಿ ಕಾರಣವಲ್ಲ. ಆ ವಾಕ್ಯವನ್ನು ಅರ್ಜಿಯಿಂದ ಕತ್ತರಿಸಿದವನು ನಾನು. ಈ ಪತ್ರದಲ್ಲಿ ತಮ್ಮ ಮೇಲೆ ಹೊರಿಸುವ ತಪ್ಪುಗಳೂ ಇವೆ. ಆದರೆ ಮೊದಲು ನನ್ನದನ್ನು ಒಪ್ಪಿಕೊಳ್ಳದೆ ತಮ್ಮದನ್ನು ಎತ್ತಿದರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕಾದೀತು.

ತಾವು ನನ್ನನ್ನು ದಿನಾ ನೋಡುತ್ತೀರಿ. ಚಿಕ್ಕೋಡಿಯಲ್ಲಿ ತಮ್ಮ ಕಚೇರಿಯ ಗೇಟಿನ ಎದುರು, ಬೇವಿನ ಮರದ ಕೆಳಗೆ, ಮುರುಕು ಮೇಜು ಮತ್ತು ಹಳೆಯ ಇಂಗ್ಲಿಷ್ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಶೇಡಬಾಳದ ಧನಪಾಲ ನಾನು. ಹದಿಮೂರು ವರ್ಷದಿಂದ ಅಲ್ಲೇ ಇದ್ದೇನೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎನ್ನುವ ಹಾಗೆ, ಕಾಲುವೆ ಕಚೇರಿಗೆ ಬಂದವರು ನನ್ನ ಮೇಜಿಗೆ ಬರಲೇಬೇಕು. ಯಾಕೆಂದರೆ ತಮ್ಮ ಕಚೇರಿಗೆ ಅರ್ಜಿ ಇಂಗ್ಲಿಷಿನಲ್ಲೇ ಬೇಕು, ಒಂದೇ ಪುಟದಲ್ಲೇ ಬೇಕು. ಈ ನಿಯಮ ಎಲ್ಲಿ ಬರೆದಿದೆ ಎಂದು ಕೇಳಿದರೆ ಯಾರೂ ತೋರಿಸಲಾರರು. ಬರೆದಿಲ್ಲವಾದ್ದರಿಂದಲೇ ಅದನ್ನು ರದ್ದು ಮಾಡಲೂ ಆಗದು. ಕನ್ನಡವೇ ಆಡಳಿತ ಭಾಷೆ ಎಂಬ ಬೋರ್ಡಿನ ಕೆಳಗೆ ಕೂತ ತಮ್ಮ ಗುಮಾಸ್ತರು ಒಮ್ಮೆ ನನಗೆ ತಿಳಿಸಿ ಹೇಳಿದರು: ಕನ್ನಡದಲ್ಲಿ ತಗೊಂಡರೆ ಮರಾಠಿಯವರು ಸಿಟ್ಟಾಗುತ್ತಾರೆ, ಮರಾಠಿಯಲ್ಲಿ ತಗೊಂಡರೆ ಕನ್ನಡದವರು ಕಲ್ಲು ಹೊಡೆಯುತ್ತಾರೆ, ಇಂಗ್ಲಿಷಾದರೆ ಯಾರಿಗೂ ತಿಳಿಯುವುದಿಲ್ಲ, ಹೀಗಾಗಿ ಜಗಳವೇ ಇಲ್ಲ. ಗಡಿ ತಂಟೆಗೆ ಇಷ್ಟು ಸುಲಭದ ಪರಿಹಾರ ದಿಲ್ಲಿಗೂ ಹೊಳೆದಿರಲಿಲ್ಲ! ಅದರಿಂದ ನನ್ನ ಹೊಟ್ಟೆ ತುಂಬಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಮೊದಮೊದಲು ನನ್ನ ಅರ್ಜಿಗಳು ಮೂರು ಪುಟ, ನಾಲ್ಕು ಪುಟ ಇರುತ್ತಿದ್ದವು. ‘ಐ ಮೋಸ್ಟ್ ಹಂಬ್ಲಿ ಅಂಡ್ ರೆಸ್ಪೆಕ್ಟ್‌ಫುಲಿ ಬೆಗ್ ಟು ಸ್ಟೇಟ್’ ಎಂದು ಶುರುವಾಗಿ, ‘ಫಾರ್ ದಿಸ್ ಆಕ್ಟ್ ಆಫ್ ಕೈಂಡ್‌ನೆಸ್ ಐ ಶಲ್ ಎವರ್ ಪ್ರೇ’ ಎಂದು ಮುಗಿಯುತ್ತಿದ್ದವು. ನಡುವೆ ವಿಷಯ ಎಲ್ಲೋ ಒಂದು ಮೂಲೆಯಲ್ಲಿ ಮೈ ಮುದುಡಿಕೊಂಡು ಕೂತಿರುತ್ತಿತ್ತು. ಅಂಥ ಅರ್ಜಿಗಳು ಉದ್ದವಾದವೆಂದು ಗೇಟಿನಿಂದಲೇ ವಾಪಸು ಬರತೊಡಗಿದವು. ರೈತರು ಅಥಣಿಯಿಂದ, ಕಾಗವಾಡದಿಂದ ಎರಡೆರಡು ಸಲ ಬಸ್ ಹಿಡಿದು ಬರುವುದನ್ನು ನೋಡಲಾರದೆ, ನಾನು ನಿಪ್ಪಾಣಿಯ ಬಾಪುಸಾಹೇಬ ಮಾಸ್ತರರ ಮನೆಗೆ ಹೋದೆ. ಅವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. 1987ರಿಂದ ಎರಡು ವರ್ಷ, ಭಾನುವಾರ ತಪ್ಪಿಸದೆ, ಆ ವಾರ ಟೈಪ್ ಮಾಡಿದ ಅರ್ಜಿಗಳ ಕಾರ್ಬನ್ ಪ್ರತಿ ಹಿಡಿದುಕೊಂಡು ಅವರ ಪಡಸಾಲೆಯಲ್ಲಿ ಕೂತೆ.

ಮಾಸ್ತರರ ಕೈಯಲ್ಲಿ ಒಂದು ಕೆಂಪು ಪೆನ್ಸಿಲು. ಬೇಡದ ಶಬ್ದ ಕಂಡಲ್ಲೆಲ್ಲ ಪಕ್ಕದಲ್ಲಿ ‘ಉಗಾಚ’ ಎಂದು ಬರೆಯುತ್ತಿದ್ದರು. ಸುಮ್ಮಸುಮ್ಮನೆ ಎಂಬುದಕ್ಕೆ ಅದು ಅವರ ಮರಾಠಿ ಮಾತು. ಮೊದಲ ಭಾನುವಾರ ನನ್ನ ಒಂದು ಪುಟದಲ್ಲಿ ನಲವತ್ತೊಂದು ಉಗಾಚ ಎಣಿಸಿದೆ. ‘ಇನ್ ವ್ಯೂ ಆಫ್ ದ ಫ್ಯಾಕ್ಟ್ ದಟ್’ ಎಂಬ ಆರು ಶಬ್ದ ಹೋಗಿ ‘ಬಿಕಾಸ್’ ಒಂದೇ ಉಳಿಯಿತು. ‘ಅಟ್ ದ ಪ್ರೆಸೆಂಟ್ ಪಾಯಿಂಟ್ ಆಫ್ ಟೈಮ್’ ಹೋಗಿ ‘ನೌ’ ಬಂತು. ‘ಬೆಗ್’ ಕಂಡಾಗ ಮಾತ್ರ ಅವರಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ರೈತ ಭೂಮಿ ಕೊಡುವವನು, ಅವನ ಕೈಯಲ್ಲಿ ಭಿಕ್ಷೆ ಯಾಕೆ ಬೇಡಿಸುತ್ತೀ ಎನ್ನುತ್ತಿದ್ದರು. ಅವರು ಕಲಿಸಿದ್ದರ ಸಾರ ಇಷ್ಟೇ, ಅವರ ಮಾತಿನಲ್ಲೇ ಬರೆಯುತ್ತೇನೆ:

“ಪ್ರತಿ ಶಬ್ದಕ್ಕ ಕೇಳು ಧನಪಾಲ, ಇದನ್ನ ತಗದ್ರ ಏನ ಕಡಿಮಿ ಆಗತೈತಿ? ಏನೂ ಇಲ್ಲಂದ್ರ ತಗಿ. ಗೊತ್ತ ಆಗಲಿಲ್ಲಂದ್ರ ಹೇಳಿದವರನ್ನ ಕೇಳು. ಅರ್ಜಿ ಅವರದು, ಪೆನ್ಸಿಲ್ ಅಷ್ಟ ನಿಂದು.”

ಈ ಪಾಠದ ಮೊದಲರ್ಧ ನನಗೆ ಬಲು ಬೇಗ ಬಂತು. ಬರಬರುತ್ತ ಅದು ಕೈಚಳಕವಾಯಿತು, ಆಮೇಲೆ ಸೊಕ್ಕಾಯಿತು. ನನ್ನ ಅರ್ಜಿಗಳು ಒಣ ಗರಿಯ ರವದಿ ಸುಲಿದ ಕಬ್ಬಿನ ಹಾಗೆ ನೆಟ್ಟಗೆ, ನುಣ್ಣಗೆ ಆದವು. ಗೇಟಿನಿಂದ ಒಂದೂ ವಾಪಸು ಬರಲಿಲ್ಲ. ಪಕ್ಕದ ಮೇಜಿನ ಟೈಪಿಸ್ಟ್ ಸಿದರಾಯ ಇನ್ನೂ ‘ಹಂಬ್ಲಿ ಬೆಗ್’ ಹೊಡೆಯುತ್ತಿದ್ದರೆ ನನಗೆ ಒಳಗೊಳಗೇ ನಗು. ಹೆಂಡತಿ ಸುಗಂಧಾ ಊರಿಂದ ಬರೆದ ಕಾಗದವನ್ನೂ ಮನಸ್ಸಿನಲ್ಲೇ ಅರ್ಧಕ್ಕೆ ಇಳಿಸಿ ಓದುವ ಮಟ್ಟಕ್ಕೆ ಬಂದಿದ್ದೆ. ಎರಡನೆಯ ಅರ್ಧ, ಹೇಳಿದವರನ್ನು ಕೇಳುವುದು, ಬೇಡವಾಯಿತು. ರೈತನಿಗೆ ಇಂಗ್ಲಿಷ್ ಬಾರದು, ಅವನನ್ನೇನು ಕೇಳುವುದು ಎಂದುಕೊಂಡೆ.

ಮಾನ್ಯರೇ, ತಾವು ದೂರದ ಜಿಲ್ಲೆಯವರು. ನಮ್ಮ ಕಡೆಯ ಒಂದು ರೂಢಿ ತಮಗೆ ತಿಳಿದಿರಲಿಕ್ಕಿಲ್ಲ. ಇಲ್ಲಿ ಯಾರೂ ಬಂದ ಕೂಡಲೇ ವಿಷಯಕ್ಕೆ ಬರುವುದಿಲ್ಲ. ಹಾಗೆ ಬಂದರೆ ಅದು ಮರ್ಯಾದೆಯಲ್ಲ. ಮೊದಲು ಮಳೆ ಬೆಳೆ, ಆಮೇಲೆ ಮಕ್ಕಳು ಮರಿ, ಚಹಾ, ಅಡಕೆ ಎಲೆ. ಹೆಣ್ಣು ಕೇಳಲು ಬಂದವರೂ ಎಮ್ಮೆಯ ವಿಚಾರ ಮಾತಾಡಿ, ಹೊರಡಲು ಎದ್ದು ನಿಂತು, ಚಪ್ಪಲಿ ಮೆಟ್ಟುವಾಗ “ಹಂಗಾರ ನಮ್ಮ ಹುಡುಗಗ ನಿಮ್ಮ ಹುಡುಗಿ...” ಎಂದು ತೆಗೆಯುತ್ತಾರೆ. ಎದೆಯೊಳಗಿನ ಮಾತು ಏಳುವ ಹೊತ್ತಿಗೇ ಹೊರಬರುವುದು. ಇದು ನಮ್ಮವ್ವ ನನಗೆ ಹಾಲಿನ ಜೊತೆ ಕುಡಿಸಿದ ತಿಳಿವಳಿಕೆ. ಅದನ್ನು ಮರೆತದ್ದು ನಾನು.

1991ರ ಮಾರ್ಚಿನಲ್ಲಿ ಅಕ್ಕವ್ವ ಬಂದಳು. ಐವತ್ತೈದರ ಹೆಂಗಸು, ಗಂಡ ಲಗಮಣ್ಣ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಲುವೆಗೆ ಅವಳ ಹೊಲ ಹೋಗುವ ನೋಟೀಸಿನಲ್ಲಿ ಆರು ಗುಂಟೆ ತಪ್ಪಿ ಅವಳ ಮೈದುನನ ಹೆಸರಿಗೆ ದಾಖಲಾಗಿತ್ತು. ಅದನ್ನು ತಿದ್ದಬೇಕು ಎಂದಳು. ಅದರ ಜೊತೆಗೆ ಮದುವೆಯಾಗಿ ಬಂದದ್ದು, ಲಗಮಣ್ಣ ಮತ್ತು ಅವನ ತಮ್ಮಂದಿರು ಎರಡು ಬೇಸಗೆ ಕಲ್ಲು ಒಡೆದು ಬಾವಿ ತೋಡಿದ್ದು, ಹೊಲದ ಹನ್ನೊಂದು ಗಿಡ, ಎಲ್ಲ ಹೇಳಿದಳು. ನಾನು ಕರಡು ಗೀಚುತ್ತಲೇ ಇದ್ದೆ. ಕಡೆಗೆ ಎದ್ದು, ಸೆರಗು ಸರಿಮಾಡಿಕೊಂಡು, ಮೇಜಿನ ಅಂಚಿನ ಮೇಲೆ ಕೈಯಿಟ್ಟು ನಿಂತಳು.

“ತಮ್ಮಾ, ಗುಂಟೇದು ಹೆಂಗರ ಆಗಲಿ. ಕಾಲಿವಿ ಆ ಬಾವಿ ಒಂದ ಬಿಟ್ಟ ಹೋಗಲಿ ಅಂತ ಬರಿಯಪ್ಪಾ. ಇಪ್ಪತ್ತ ಫೂಟ ಸರದ್ರ ಸಾಕು, ಆಕಡೀ ಹೊಲಾನೂ ನಂದ ಐತಿ, ತಗೊಳ್ಳಲಿ. ನಮ್ಮ ತೋಟದ ಹದಿನಾಕ ಮನಿಗೆ ಸಿಹಿನೀರ ಅದೊಂದ.”

ಬರೆದುಕೊಂಡೆ. ಕರಡಿನ ಕಡೆಯ ಸಾಲಾಗಿ ಬರೆದುಕೊಂಡೆ. ಆ ಕರಡು ಇಂದಿಗೂ ನನ್ನ ಹತ್ತಿರ ಇದೆ. ಇಂಗ್ಲಿಷಿಗೆ ಇಳಿಸಿದಾಗ ಒಂದೂವರೆ ಪುಟವಾಯಿತು. ತಮ್ಮ ಒಂದು ಪುಟದ ಗೇಟು ನೆನಪಾಯಿತು. ಪೆನ್ಸಿಲು ತೆಗೆದೆ. ಮದುವೆ ಉಗಾಚ, ಲಗಮಣ್ಣನ ಎರಡು ಬೇಸಗೆ ಉಗಾಚ. ಇನ್ನೂ ಮೂರು ಸಾಲು ಹೆಚ್ಚಾಗಿತ್ತು. ಅರ್ಜಿಯ ಕಡೆಯ ಸಾಲುಗಳೆಂದರೆ ಬರೀ ಉಪಚಾರ, ಕಣ್ಣು ಮುಚ್ಚಿ ತೆಗೆಯಬಹುದು ಎಂಬುದು ನಾಲ್ಕು ವರ್ಷದಲ್ಲಿ ನನ್ನ ಕೈಗೆ ಕೂತುಬಿಟ್ಟ ಚಟ. ಅಲ್ಲದೆ ‘ಒಂದು ಬಾವಿ, ಹನ್ನೊಂದು ಗಿಡ’ ಎಂದು ಮೇಲೆ ಒಮ್ಮೆ ಬಂದಿತ್ತಲ್ಲ. ಒಂದೇ ಮಾತು ಎರಡು ಸಲ ಯಾಕೆ? ಗೀಟು ಎಳೆದೆ. ಅರ್ಜಿ ಪುಟದೊಳಗೆ ಕೂತಿತು. ಕಬ್ಬು ಬೆಳೆಯುವವರ ನಡುವೆ ಹುಟ್ಟಿದವನಿಗೆ ಗೊತ್ತಿರಬೇಕಿತ್ತು, ಸುಲಿಯಬೇಕಾದ್ದು ರವದಿಯನ್ನು, ಮೊಳಕೆ ಒಡೆಯುವ ಕಣ್ಣನ್ನಲ್ಲ.

ಸಹಿ ಹಾಕುವ ಮೊದಲು ಅವಳು ಕೇಳಿದಳು: “ಎಲ್ಲಾ ಬಂದೈತಿಲ್ಲೋ ತಮ್ಮಾ?”

“ಎಲ್ಲಾ ಬಂದೈತಿ ಅವ್ವಾ,” ಎಂದೆ.

ಮಾನ್ಯರೇ, ಜೈನ ಶ್ರಾವಕರ ಮನೆಯಲ್ಲಿ ಹುಟ್ಟಿದವನು ನಾನು. ನೀರು ಸೋಸಿ ಕುಡಿಯುವ ಮನೆ ನಮ್ಮದು. ಸುಳ್ಳು ಹೇಳಿದೆ ಎಂದು ಆಗ ಅನಿಸಲೂ ಇಲ್ಲ. ಅದೇ ನನ್ನನ್ನು ಹೆಚ್ಚು ಸುಡುವುದು.

ಮೂರು ವಾರದಲ್ಲಿ ಅರ್ಜಿ ಮಂಜೂರಾಯಿತು. ಆರು ಗುಂಟೆ ಅಕ್ಕವ್ವನ ಹೆಸರಿಗೆ ಬಂತು. ಆಗ ತಮ್ಮ ಕುರ್ಚಿಯಲ್ಲಿದ್ದವರು ಅರ್ಜಿಯ ಅಂಚಿನಲ್ಲಿ ‘ಕ್ಲಿಯರ್ ಅಂಡ್ ಬ್ರೀಫ್. ಆಲ್ ಪಿಟಿಷನ್ಸ್ ಶುಡ್ ಬಿ ಲೈಕ್ ದಿಸ್’ ಎಂದು ಬರೆದಿದ್ದರು. ಗುಮಾಸ್ತರು ಅದರ ಝೆರಾಕ್ಸ್ ತಂದುಕೊಟ್ಟರು. ನಾನು ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟೆ, ಬಂದವರೆಲ್ಲ ನೋಡಲಿ ಎಂದು. ಮುಂದಿನ ಬೇಸಗೆಯಲ್ಲಿ ತಮ್ಮ ಗುತ್ತಿಗೆದಾರರ ಯಂತ್ರ ಬಂದು ಒಂದು ಬೆಳಗಿನಲ್ಲಿ ಬಾವಿ ಮುಚ್ಚಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅದಾಗಿ ಎಂಟು ದಿನಕ್ಕೆ ಅಕ್ಕವ್ವ ನನ್ನ ಮೇಜಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ. ಇಲ್ಲ. ಸಾಹೇಬರು ಗುಂಟೆಯ ಮಾತು ನಡೆಸಿಕೊಟ್ಟು ಬಾವಿಯ ಮಾತು ಯಾಕೆ ನಡೆಸಲಿಲ್ಲ, ಓದಿದ ಮೇಲೆ ಏನಾದರೂ ಕಾರಣ ಇದ್ದಿರಬೇಕು, ಅದನ್ನು ಕೇಳಿ ತಿಳಿಸು ಎಂದಳು. ಹಾಗೆ ಹೇಳುವಾಗ ಅವಳ ಮೊಣಕೈ ಆ ಗಾಜಿನ ಮೇಲೇ ಇತ್ತು. ಕೆಳಗೆ ಅವಳದೇ ಅರ್ಜಿ, ಬಾವಿಯ ಸಾಲಿಲ್ಲದ ಅರ್ಜಿ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೇಳುತ್ತೇನೆ ಎಂದು ಹೇಳಿ ಕಳಿಸಿದೆ. ಸಂಜೆ ಗಾಜು ಎತ್ತಿ ಆ ಕಾಗದ ತೆಗೆದೆ. ಅವಳಿಗೆ ನಾಲ್ಕು ವರ್ಷ ಏನೂ ಹೇಳಲಿಲ್ಲ. ಪಾಲಬಾವಿಯ ಕಡೆಯ ಬಸ್ ನಿಂತರೆ ಮುಖ ಆಚೆ ತಿರುಗಿಸುತ್ತಿದ್ದೆ. ತಪ್ಪು ತಮ್ಮ ಕಚೇರಿಯದೆಂದು ಊರು ತಿಳಿದುಕೊಂಡಿತ್ತು, ತಿಳಿದುಕೊಳ್ಳಲು ಬಿಟ್ಟೆ.

ಬಾಪುಸಾಹೇಬ ಮಾಸ್ತರರಿಗೆ ಮಾತ್ರ ಹೇಳಿದೆ. ಅವರು ಬೈಯಲಿಲ್ಲ. “ಆಕಿನ್ನ ಕೇಳಿದ್ದೇನು?” ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಕೆಂಪು ಪೆನ್ಸಿಲನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಹಾಕಿದರು. ಆಮೇಲೆ ನಾನು ನಿಪ್ಪಾಣಿಗೆ ಹೋಗಲಿಲ್ಲ.

ಈಗ ತಮ್ಮ ಪಾಲಿಗೆ ಬರುತ್ತೇನೆ. ನನ್ನ ಪೆನ್ಸಿಲು ಕತ್ತರಿಸಿದ್ದು ನಿಜ. ಆದರೆ ಒಂದು ಪುಟಕ್ಕಿಂತ ಹೆಚ್ಚಿನ ಸಂಕಟ ನಮಗೆ ಬೇಡ ಎಂದು ಗೇಟಿನಲ್ಲಿ ನಿಂತವರು ಯಾರು? ಪಾಲಬಾವಿಯ ಹೆಂಗಸು ಪಾಲಬಾವಿಯ ಬಾವಿಯ ಬಗ್ಗೆ ಸಾಗರದಾಚೆಯ ಭಾಷೆಯಲ್ಲಿ ಮಾತಾಡಬೇಕು ಎಂದವರು ಯಾರು? ತಮ್ಮ ಸರ್ವೇಯವರು ಆ ಹೊಲದಲ್ಲಿ ಮೂರು ದಿನ ಚೈನು ಎಳೆದರಲ್ಲ, ಅದೇ ಬಾವಿಯ ನೀರು ಕುಡಿದೇ ಎಳೆದದ್ದು. ಅವರಿಗೆ ಬಾವಿ ಕಾಣಲಿಲ್ಲವೇ? ಅರ್ಜಿಯಲ್ಲಿ ಕೇಳದ್ದು ಭೂಮಿಯ ಮೇಲೂ ಇಲ್ಲ ಎಂಬ ಕಾನೂನು ಇದೆಯೇ? ಅದೇ ಸಾಲಿನಲ್ಲಿ ಮುಂದೆ ಒಬ್ಬರ ದ್ರಾಕ್ಷಿ ಶೆಡ್ಡಿಗಾಗಿ ಕಾಲುವೆ ಮೂವತ್ತು ಅಡಿ ಬಳುಕಿ ಹೋಗಿದೆ. ಹೋದ ವರ್ಷ ಧೈರ್ಯ ಮಾಡಿ ತಮ್ಮ ಇಂಜಿನಿಯರರನ್ನು ಕೇಳಿದೆ. ಅವರು ಸಹಜವಾಗಿ, ಬಾವಿಯವರೂ ಕೇಳಿದ್ದರೆ ಸರಿಸುತ್ತಿದ್ದೆವು, ಯಾರೂ ಕೇಳಲೇ ಇಲ್ಲವಲ್ಲ ಎಂದರು. ಆ ಮಾತೇ ಈ ಪತ್ರವನ್ನು ಬರೆಸುತ್ತಿದೆ. ಇನ್ನು ಆ ಕಾಲುವೆಯೋ! ಇವತ್ತಿನವರೆಗೂ ಅದರಲ್ಲಿ ಹನಿ ನೀರು ಹರಿದಿಲ್ಲ. ಹದಿನಾಲ್ಕು ಮನೆಯ ಹೆಂಗಸರು ಆ ಒಣ ಕಾಲುವೆಯನ್ನು ದಾಟಿ, ಒಂದೂವರೆ ಮೈಲಿ ನಡೆದು ನೀರು ತರುತ್ತಾರೆ. ಹತ್ತಿರದ ಬೇರೆ ಬಾವಿಗಳೆಲ್ಲ ಸವಳು, ಉಪ್ಪುನೀರು.

ಹೀಗಾಗಿ ನನ್ನ ಬೇಡಿಕೆ. ಬೇಡಿಕೆಯೇ, ಹಂಬಲ್ ಪ್ರೇಯರ್ ಅಲ್ಲ. ಅಕ್ಕವ್ವನ ಹಳೆಯ ಕಡತ ತೆಗೆಯಿರಿ. ನಾನು ಕತ್ತರಿಸಿದ ಸಾಲನ್ನು, ನನ್ನ ಕೈಬರಹದ ಕರಡಿನ ಸಮೇತ, ಅದರಲ್ಲಿ ಸೇರಿಸಿರಿ. ಏರಿಯ ಆಚೆ ಅವಳದೇ ಹೊಲದಲ್ಲಿ, ತಮ್ಮ ಕಚೇರಿಯ ಖರ್ಚಿನಲ್ಲಿ ಒಂದು ಬಾವಿ ತೋಡಿಸಿಕೊಡಿರಿ. ಆ ಜಾಗದಲ್ಲಿ ಸಿಹಿನೀರಿದೆ, ಲಗಮಣ್ಣ ಎರಡು ಬೇಸಗೆ ಕಳೆದು ತೋರಿಸಿಕೊಟ್ಟಿದ್ದಾನೆ. ಗೇಟಿನಲ್ಲಿ ಕನ್ನಡದ ಅರ್ಜಿ, ಮರಾಠಿಯ ಅರ್ಜಿ, ಎಷ್ಟು ಪುಟವಾದರೂ ತೆಗೆದುಕೊಳ್ಳಿರಿ. ನನ್ನ ಹೊಟ್ಟೆಪಾಡು ನಾನು ನೋಡಿಕೊಳ್ಳುತ್ತೇನೆ.

ಈ ಬಹಿರಂಗ ಪತ್ರವನ್ನು ಅಚ್ಚಿಗೆ ಕೊಡುವ ಮೊದಲು, ಮೊನ್ನೆ ಶುಕ್ರವಾರ, ಕುಡಚಿಯ ಕಡೆಯಿಂದ ಬಸ್ ಹಿಡಿದು ಪಾಲಬಾವಿಗೆ ಹೋಗಿ ಇಲ್ಲಿಯವರೆಗಿನದೆಲ್ಲ ಅಕ್ಕವ್ವನಿಗೆ ಓದಿ ಹೇಳಿದೆ. ಹೇಳಿದವರನ್ನು ಕೇಳಬೇಕು ಎಂಬ ಪಾಠ ನನಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಅವಳು ಕಡೆಯವರೆಗೂ ಕೇಳಿದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ಒಂದೂವರೆ ಮೈಲಿಯ ನೀರು. ಕುಡಿಯಲೂ ಆಗದೆ ಬಿಡಲೂ ಆಗದೆ ಹೇಗೋ ಕುಡಿದೆ. ಎಲ್ಲಾ ಬಂದಿದೆಯೇ ಎಂದು ಕೇಳಿದೆ, ಬಂದಿದೆ ಎಂದಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದಳು:

“ತಮ್ಮಾ, ಇನ್ನೊಂದ ಐತಿ. ಆ ಸಾಹೇಬ್ರ ಬಾಯಿಗೆ ನೀರ ಸಿಗಬಾರದು ಅಂತ ಕೊಡಾ ಎತ್ತೋ ಮುಂದ ದಿನಾ ಅಂದೇನಿ. ಅವರಿಗೆ ನನ್ನ ಮಾತ ಮುಟ್ಟೇ ಇರಲಿಲ್ಲ ಅಂದ ಮ್ಯಾಲ ಅದ ತಪ್ಪಾತು. ಹಿಂದಕ ತಗೊಂಡೇನಿ ಅಂತ ಬರಿ.”

ಹಾಗಾದರೆ ಆ ಶಾಪ ಯಾರ ಮೇಲೆ ಹೋಗಬೇಕು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಪತ್ರ ತಮ್ಮ ಒಂದು ಪುಟವನ್ನು ಎಂದೋ ದಾಟಿದೆ, ಈ ಮಾತನ್ನು ತೆಗೆದರೆ ಚೊಕ್ಕವಾಗುತ್ತಿತ್ತು ಎಂದು ನನ್ನ ಕೈ ಈಗಲೂ ಹೇಳುತ್ತಿದೆ. ತೆಗೆದಿಲ್ಲ. ಅವಳು ಎದ್ದು ನಿಂತಾಗ ಹೇಳಿದ ಮಾತು ಇದು, ಇದ್ದಂತೆಯೇ ತಮಗೆ ಮುಟ್ಟಿಸಿದ್ದೇನೆ.

ಇಂತಿ,
ಎಲ್ಲಾ ಬಂದೈತಿ ಎಂದು ಒಮ್ಮೆ ಸುಳ್ಳು ಹೇಳಿದ,
ತಮ್ಮ ಗೇಟಿನೆದುರಿನ ಟೈಪಿಸ್ಟ್ ಧನಪಾಲ
ಚಿಕ್ಕೋಡಿ, ಏಪ್ರಿಲ್ 1996