ಬೆಂಕಿಪೊಟ್ಟಣದಷ್ಟು ಅಡುಗೆಮನೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಏಳು

ಕಣ್ಣಿಗೆ ಹನಿ ಹಾಕಿಕೊಂಡೆ. ಒಂದು ಕಣ್ಣಿಗೆ, ಎರಡು ಕೆನ್ನೆಗೆ. ಬಲಗಣ್ಣು ಹೋಗಿ ವರ್ಷವಾಯಿತು. ಎಡಗಣ್ಣಿಗೆ ಮೊನ್ನೆ ಡಾಕ್ಟರ್ ಮೂರು ತಿಂಗಳ ಗಡುವು ಕೊಟ್ಟರು. ನೋಡಬೇಕಾದದ್ದು ಏನಾದರೂ ಇದ್ದರೆ ಈಗಲೇ ನೋಡಿಬಿಡಿ ಅಜ್ಜಿ, ಅಂದರು. ಪಕ್ಕದಲ್ಲಿ ನಿಂತಿದ್ದ ಮಗನ ಮುಖ ನೋಡಿದೆ. ಅದನ್ನು ಐವತ್ತು ವರ್ಷ ನೋಡಿದ್ದಾಗಿದೆ.

ಒಂದೇ ಬಾಕಿ. ಮ್ಯೂಸಿಯಂ.

ನಮ್ಮ ಯಜಮಾನರು ನಲವತ್ತು ವರ್ಷ ಮರ ಕೆತ್ತಿದರು. ಹಡಗು, ರೈಲು, ಸೇತುವೆ, ಮನೆ — ಎಲ್ಲ ಅಂಗೈ ಮೇಲೆ ಕೂರುವಂಥದ್ದು. ಚಕ್ರ ತಿರುಗಬೇಕು, ಬಾಗಿಲು ತೆರೆಯಬೇಕು. ಲೆನ್ಸಿಗೆ ಕಣ್ಣಿಟ್ಟು ಕೂತರೆ ಹೆಂಡತಿ ಎಂಬುವಳೊಬ್ಬಳು ಇದ್ದಾಳೆ ಎಂಬುದೇ ನೆನಪಿರುತ್ತಿರಲಿಲ್ಲ. ನಾನು ಮಾತು ಬಿಡುತ್ತಿದ್ದೆ. ಮಾತು ಬಿಟ್ಟ ದಿನಕ್ಕೊಂದು ಇದ್ದಿಲಿನ ಗೀಟು, ಅಡುಗೆಮನೆ ಬಾಗಿಲ ಹಿಂದೆ. ಒಮ್ಮೆ ಹತ್ತೊಂಬತ್ತಾಗಿತ್ತು. ಮಹಾಶಯರಿಗೆ ನಾನು ಮಾತಾಡುತ್ತಿಲ್ಲ ಎಂಬುದೇ ಗೊತ್ತಾದ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ದಿನ ಅಂದರು: "ನಮ್ಮ ಅಡುಗೆಮನೆ ಕೆತ್ತಿದ್ದೀನಲ್ಲ, ಅದರಲ್ಲಿ ನಿನಗೆ ಅಂತ ಒಂದು ಇಟ್ಟಿದ್ದೀನಿ. ಬೇರೆಯವರಿಗೆ ತಿಳಿಯಲ್ಲ. ನೀನೇ ನೋಡು."

"ಇಷ್ಟು ದಿನ ಇಲ್ಲದ್ದು ಈಗ್ಯಾಕೆ?" ಅಂದೆ. ಅವರಿಗೆ ನಾನಾಡಿದ ಕೊನೆಯ ಮಾತು ಅದು.

ಸತ್ತ ವಾರವೇ ಎಲ್ಲ ಮ್ಯೂಸಿಯಂಗೆ ಕೊಟ್ಟೆ. ಉಳಿ, ಅರ, ಆ ಲೆನ್ಸು ಸಮೇತ. ಮನೆಯ ಧೂಳು ಹೋಗಲಿ ಅಂತ. ಹನ್ನೊಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಹಠ.

ಮಾರ್ಚ್ 6, ಗುರುವಾರ

ಸೊಸೆ ರಜೆ ಹಾಕಿ ಕರೆದುಕೊಂಡು ಹೋದಳು. ಎರಡು ಬಸ್ಸು. ಮ್ಯೂಸಿಯಂ ಅಂದರೆ ಹಳೇ ಪೋಸ್ಟ್ ಆಫೀಸಿನ ಮಹಡಿ. ನೆಲ ಜಾರುತ್ತದೆ. ಬಾಗಿಲಲ್ಲೇ ಅವರ ದೊಡ್ಡ ಫೋಟೋ. ಮನೆಯಲ್ಲಿ ಯಾವತ್ತೂ ತೋರಿಸದ ನಗು.

"ಅತ್ತೆ, ಈ ರೈಲು ನೋಡಿ, ಸಾಸಿವೆ ಕಾಳಿನಷ್ಟು ಚಕ್ರ..."

"ಆ ರೈಲು ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ. ಅಡುಗೆಮನೆ ಎಲ್ಲಿದೆ ಹೇಳು."

ಮೂಲೆಯಲ್ಲಿತ್ತು. ಗಾಜಿನ ಪೆಟ್ಟಿಗೆಯೊಳಗೆ, ಬೆಂಕಿಪೊಟ್ಟಣದಷ್ಟು. ನನಗೆ ಕಂಡದ್ದು ಕಂದು ಬಣ್ಣದ ಒಂದು ಮುದ್ದೆ. ಸೊಸೆ ಅಂಗಡಿಯಿಂದ ತಂದಿದ್ದ ಭೂತಗನ್ನಡಿಯನ್ನು ಗಾಜಿಗೆ ಒತ್ತಿ ಇಣುಕಿದರೆ ನನ್ನ ಕಣ್ಣೇ ನನ್ನನ್ನು ನೋಡಿತು. ಪಕ್ಕದ ಪೆಟ್ಟಿಗೆಯಲ್ಲಿ ಅವರ ಲೆನ್ಸು. ಬೀಗ.

"ಅದನ್ನ ತೆಗೆದುಕೊಡಪ್ಪ. ಈ ಪೆಟ್ಟಿಗೇನೂ ತೆರಿ. ಐದು ನಿಮಿಷ," ಅಂದೆ ಕಾವಲುಗಾರನಿಗೆ.

"ಮುಟ್ಟೋ ಹಾಗಿಲ್ಲ ಅಜ್ಜಿ."

"ನಾನೇ ಕೊಟ್ಟಿದ್ದು ಕಣಪ್ಪ."

"ಕೊಟ್ಟ ಮೇಲೆ ನಿಮ್ಮದಲ್ಲವಲ್ಲ. ಆಫೀಸಿಗೆ ಅರ್ಜಿ ಕೊಡಿ."

ಅವನದೇನು ತಪ್ಪು. ಧೂಳು ಅಂದವಳು ನಾನು.

ಮಾರ್ಚ್ 9, ಭಾನುವಾರ

ಅರ್ಜಿ ಟೈಪ್ ಮಾಡಿಕೊಡ್ತೀನಿ ಅಂದಳು ಸೊಸೆ. ಬೇಡ ಅಂದೆ. ನಾಲ್ಕನೇ ಕ್ಲಾಸಿನ ಅಕ್ಷರ... ಮೂರು ಹಾಳೆ ಹರಿದೆ. 'ಕಣ್ಣು ಇರುವಾಗಲೇ ದಯಮಾಡಿ' ಎಂದು ಕೊನೆಗೆ ಸೇರಿಸಿದೆ. ಜೀವಮಾನದಲ್ಲಿ ಆ ಮನುಷ್ಯನನ್ನೂ ಹೀಗೆ ಬೇಡಿಕೊಂಡಿರಲಿಲ್ಲ.

ಏಪ್ರಿಲ್ 22, ಮಂಗಳವಾರ

ಉತ್ತರ ಬಂತು. ಸಮಿತಿ ಸೇರಬೇಕಂತೆ. ಸಮಿತಿಯವರ ಕಣ್ಣೆಲ್ಲ ಚೆನ್ನಾಗಿರಬೇಕು.

ಗೋಡೆ ಗಡಿಯಾರದ ಮುಳ್ಳು ಕಾಣುತ್ತಿಲ್ಲ. ಮನೆಯಲ್ಲಿ ಹೇಳಿಲ್ಲ. ಇನ್ನೂ ಅಡುಗೆ ಆಗಿಲ್ವಾ, ಗಂಟೆ ಎಷ್ಟಾಯ್ತು ಗೊತ್ತಾ, ಎಂದು ಸೊಸೆಯನ್ನು ಗದರುತ್ತೇನೆ. ಎಷ್ಟಾಯಿತೆಂದು ಅವಳೇ ಹೇಳುತ್ತಾಳೆ.

ಮೇ 30, ಶುಕ್ರವಾರ

ಕಿಟಕಿ ಎಲ್ಲಿದೆ ಎಂದು ತಿಳಿಯುತ್ತದೆ. ಅಷ್ಟೇ.

ಒಪ್ಪಿಗೆ ಬಂದಿದೆ. ಜೂನ್ 17, ಹನ್ನೊಂದು ಗಂಟೆಗೆ. ಹತ್ತು ನಿಮಿಷ. ಒಂದು ಸಲ ಮಾತ್ರ.

ಜೂನ್ 17, ಮಂಗಳವಾರ. ಸಂಜೆ

ರೂಲುಪಟ್ಟಿ ಅಡ್ಡ ಇಟ್ಟು ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದೆಯೋ ಏನೋ. ಓದುವವರು ಯಾರು.

ಗಾಜು ಸರಿಸಿದ ಸದ್ದಾಯಿತು. ಲೆನ್ಸು ಕೈಗಿಟ್ಟರು. ಹಿಡಿಯಲ್ಲಿ ಅವರ ಹೆಬ್ಬೆರಳು ಸವೆಸಿದ ಗುಳಿ. ಕಣ್ಣಿಗಿಟ್ಟೆ. ಬೆಳಕು... ಬರೀ ಬೆಳಕು.

ಸೊಸೆಯ ಕೈಗೆ ಕೊಟ್ಟೆ. "ಒಂದೂ ಬಿಡದೆ ಹೇಳು."

"ಬಾಗಿಲು ತೆರೆದಿದೆ ಅತ್ತೆ, ಗೋಡೆಗೆ ತಾಗಿಕೊಂಡಿದೆ..."

"ಬಾಗಿಲು ಬಿಡು. ಒಳಗೆ ನೋಡು."

"ಒಲೆ. ಪಾತ್ರೆ ಐದು. ಸ್ಟೂಲು."

"ಸ್ಟೂಲಿಗೆ ಎಷ್ಟು ಕಾಲು?"

"ಮೂರು... ಇಲ್ಲ, ನಾಲ್ಕು."

"ನಿಮ್ಮ ಆಫೀಸಿನಲ್ಲೂ ಹೀಗೇ ಎಣಿಸ್ತೀಯಾ?"

"ನಾಲ್ಕೇ. ಹಲಗೆ ಮೇಲೆ ಡಬ್ಬಿ. ಮೊಳೆಗೆ ಸೌಟು. ಎಲ್ಲ ಮಾಮೂಲಿ ಅತ್ತೆ. ನಿಮಗೆ ಅಂತ... ನನಗೇನೂ ಗೊತ್ತಾಗ್ತಿಲ್ಲ."

ಒಲೆಯ ಅಂಚು ಬಿರುಕು ಬಿಟ್ಟಿದೆಯಾ? ಸೌಟು ಎಡಕ್ಕಾ, ಬಲಕ್ಕಾ? ಕೇಳಿದ್ದೇ ಕೇಳಿದ್ದು. ಎಲ್ಲ ಇದ್ದ ಹಾಗೇ ಇದೆ. ಹತ್ತು ನಿಮಿಷ ಆಯ್ತು ಅಜ್ಜಿ, ಎಂದು ಕಾವಲುಗಾರ ಮೆಲ್ಲಗೆ ಅಂದ. ಬೀಗ ಬಿತ್ತು.

ಬಸ್ಸಿನಲ್ಲಿ ಸೊಸೆ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲಿಲ್ಲ.

ಜೂನ್ 18, ಬುಧವಾರ. ಬೆಳಿಗ್ಗೆ

ಹನಿ ಹಾಕಿಕೊಳ್ಳಲಿಲ್ಲ. ಯಾಕೆ ಹಾಕಿಕೊಳ್ಳಲಿ.

ನೀರಿಗೆಂದು ತಡಕಾಡಿಕೊಂಡು ಅಡುಗೆಮನೆಗೆ ಹೋದೆ. ಬಾಗಿಲು ಹಣೆಗೆ ಬಡಿಯಿತು. ಅದರ ಹಿಂದಕ್ಕೆ ಕೈ ಹೋಯಿತು. ಬಣ್ಣ ಹೊಡೆಸಿ ಎಷ್ಟೋ ಕಾಲವಾಗಿದೆ, ಗೀಟು ಗೀಟೆಲ್ಲ ಅದರಡಿ.

ಅವರು ಕೆತ್ತಿದ ಬಾಗಿಲೆಲ್ಲ ತೆರೆಯುತ್ತವೆ, ಮುಚ್ಚುತ್ತವೆ. ಉಗುರಿನಷ್ಟು ಬಾಗಿಲು. ನಿನ್ನೆ ಸೊಸೆಗೆ ಎಳೆದು ಹಿಂದೆ ನೋಡು ಅನ್ನಲಿಲ್ಲ. ಬಿಡು ಅಂದೆ. ಎಣಿಸಲು ಸೊಸೆಯ ಕಣ್ಣೇ ಸಾಕಿತ್ತು. ಅಲ್ಲಿ ಹತ್ತೊಂಬತ್ತು ಗೀಟು ಇದ್ದರೆ ಅವರಿಗೆ ಗೊತ್ತಿತ್ತು. ಅಷ್ಟೂ ದಿನ ಗೊತ್ತಿತ್ತು. ಗೊತ್ತಿದ್ದೂ ಅವರು —