ನಿನ್ನ ಮುಖದ ಮೇಲೆ ಹಿಡಿದ ನೆರಳು

ನನ್ನ ಒಬ್ಬನೇ ಅಣ್ಣಾ,

ಬರೆಯಲು ಕೂತರೆ ಮೊದಲು ಕಣ್ಣಿಗೆ ಬರುವುದು ಆ ಭಾನುವಾರ. ವಡಾಲದ ನಮ್ಮ ಚಾಳಿನ ಅಂಗಳದಲ್ಲಿ, ಕೆಳಗಿನ ಖೋಲಿಯ ಕಾಶೀಬಾಯಿಯ ಮಗಳನ್ನು ನೀನು ನಿಲ್ಲಿಸಿದ್ದೆ. ಗಂಡಿನವರಿಗೆ ಕಳಿಸಲು ಅವಳ ಫೋಟೋ ಬೇಕಿತ್ತು. ಹುಡುಗಿ ಬಿಸಿಲಿಗೆ ಮುಖ ಮಾಡಿ ಕಣ್ಣು ಕಿವುಚುತ್ತಿದ್ದಳು. ನೀನು ಡಬ್ಬಿ ಕ್ಯಾಮೆರಾ ನನ್ನ ಕೈಗಿಟ್ಟು, "ಹೇಳು ಶಾಂತಿ, ಏನ ತಪ್ಪಾಗೇದ?" ಎಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನಿನಗೆ ಅಡುಗೆ ಮಾಡಿ ಹಾಕಲು ಬಂದವಳು ನಾನು, ನನಗೇನು ಗೊತ್ತು? ನೀನೇ ಹೇಳಿದೆ: "ನೆತ್ತಿ ಮ್ಯಾಲಿನ ಸೂರ್ಯ ಮಂದಿ ಕಣ್ಣಾಗ ತಗ್ಗು ತೋಡ್ತಾನ. ಆಕೀನ್ನ ಗೋಡೆ ನೆರಳಿಗೆ ಸರಸು. ಆದರ ಮುಂದ ಆಕಾಶ ತೆರದಿರಬೇಕು, ಇಲ್ಲಂದ್ರ ಕತ್ತಲಿ ಬರ್ತದ." ಹುಡುಗಿಯ ಮುಖ ಬೆಣ್ಣೆಯ ಹಾಗೆ ಬಂತು, ನೆನಪಿದೆಯಾ?

ಜ್ವರ ಇಳಿಯದೆಯೇ ನೀನು ತೀರಿಹೋದ ಬೆಳಗ್ಗೆ ಧಾರವಾಡಕ್ಕೆ ತಂತಿ ಕೊಟ್ಟರು. ಅವ್ವ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಇಳಿಯುವ ತನಕ ಮೇ ತಿಂಗಳ ಈ ಸೆಖೆಯಲ್ಲಿ ನಿನ್ನನ್ನು ಹೇಗೆ ಇಟ್ಟುಕೊಳ್ಳುವುದು? "ಕಾಯಾಕ ಆಗಂಗಿಲ್ಲವಾ," ಎಂದರು ಇಲ್ಲೇ ಇರುವ ಸೋದರಮಾವ. ಆಗ ನನಗೆ ಹೊಳೆಯಿತು. ಅವ್ವ ನಿನ್ನ ಮುಖ ನೋಡುವುದಾದರೆ ಇನ್ನು ಫೋಟೋದಲ್ಲೇ. ಮನೆಯಲ್ಲಿ ಫೋಟೋ ತೆಗೆಯಲು ಬರುವುದು ನನಗೊಬ್ಬಳಿಗೇ. ನಿನ್ನನ್ನು ಬಿಟ್ಟರೆ...

ಅಂಗಳಕ್ಕೆ ನಿನ್ನನ್ನು ಇಳಿಸಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಿನ್ನ ಕಣ್ಣಿನ ಜಾಗದಲ್ಲಿ ಎರಡು ಕರಿ ಕುಳಿಗಳು. ಮೂಗಿನ ನೆರಳು ತುಟಿಯ ಮೇಲೆ ಮಸಿಯ ಹಾಗೆ. ಇದನ್ನು ಕಂಡರೆ ಅವ್ವ, ನನ್ನ ಮಗ ನರಳಿ ನರಳಿ ಸತ್ತ ಎಂದುಕೊಳ್ಳುವುದಿಲ್ಲವೇ? ಉಳಿದ ಜೀವಮಾನವೆಲ್ಲ ಅದೇ ಮುಖ ಅವಳ ಕಣ್ಣಲ್ಲಿ ನಿಂತರೆ? "ಗೋಡೆ ಕಡೆ ಸ್ವಲ್ಪ ಸರಸ್ರಿ," ಎಂದೆ.

"ದಕ್ಷಿಣಕ್ಕ ತಲಿ ಮಾಡಿ ಇಟ್ಟಾದ ಮ್ಯಾಲ ಅಲ್ಲಾಡಸಬಾರದು," ಎಂದರು ಮಾವ. "ಹೆಣದ ಮುಂದ ಏನಿದು ನಿನ್ನ ನಖರಾ? ಲಗ್ನದ ಫೋಟೋ ಏನ?"

ನಾನು ಎದುರು ಮಾತಾಡಿದವಳಲ್ಲ. ಆದರೂ ಕ್ಯಾಮೆರಾ ಕೆಳಗಿಡಲಿಲ್ಲ. ಕಾಶೀಬಾಯಿ ಒಳಗೆ ಓಡಿ ಹೋಗಿ ಗಂಡನ ಬಿಳಿ ಧೋತರ ತಂದಳು. "ಅರೇ, ಅವನ್ನ ಹಲವೂ ನಕಾ, ಅಲ್ಲಾಡಸಬ್ಯಾಡ್ರಿ! ನೆರಳೇ ಇಕಡೇ ತರ್ರಿ ಕೀ!" ನಾಲ್ಕು ಮಂದಿ ನಾಲ್ಕು ಮೂಲೆ ಹಿಡಿದು ನಿನ್ನ ಮೇಲೆ ಧೋತರ ಹರಡಿದರು. ಒಂದು ಮೂಲೆ ಮಾವನೇ ಹಿಡಿದಿದ್ದರು, ಬಾಯಿಗೆ ವಸ್ತ್ರ ಒತ್ತಿಕೊಂಡು. ಬಿಸಿಲು ಬಟ್ಟೆಯಲ್ಲಿ ಸೋಸಿ ಇಳಿಯಿತು. ಕುಳಿಗಳು ತುಂಬಿಕೊಂಡವು. ನೀನು ನೀನಾದೆ. ಮೂಗಿನ ಹತ್ತಿ ನಾನೇ ತೆಗೆದೆ. ಮಣೆಯ ಮೇಲೆ ಕ್ಯಾಮೆರಾ ಒತ್ತಿ ಹಿಡಿದು, ನೆರಳಿನಲ್ಲಿ ಬೇಕಾದಷ್ಟು ಹೊತ್ತು ಅದರ ಕಣ್ಣು ತೆರೆದಿಟ್ಟೆ. ಅಲುಗಬ್ಯಾಡ್ರಿ ಎಂದು ಎಲ್ಲರನ್ನೂ ಗದರುತ್ತಿದ್ದೆಯಲ್ಲ, ಅಣ್ಣಾ. ನಿನ್ನಷ್ಟು ಅಲುಗದೆ ನನ್ನ ಮುಂದೆ ಯಾರೂ...

ದಾದರಿನ ಸ್ಟುಡಿಯೋದಿಂದ ಇವತ್ತು ಫೋಟೋ ಬಂತು. ನಿನ್ನೆ ಬಂದಿಳಿದಾಗಿನಿಂದ ಅವ್ವ ಅತ್ತಿರಲಿಲ್ಲ, ನೀರೂ ಮುಟ್ಟಿರಲಿಲ್ಲ. ಕಿಟಕಿಯ ಹತ್ತಿರ ಒಯ್ದು ನೋಡಿದಳು. ಬೆರಳಿನ ಹಿಂಬದಿಯಿಂದ ನಿನ್ನ ಹಣೆ ಮುಟ್ಟಿ, "ಜ್ವರಾ ಇಳದಾವ," ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಚಾಳಿನ ಮಂದಿಯೆಲ್ಲ ಗ್ಯಾಲರಿಯಲ್ಲಿ ಸೇರಿದರು.

ಅತ್ತು ಮುಗಿದ ಮೇಲೆ ಅವಳು ಕೇಳಿದ್ದು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. "ನಾ ಅವನ್ನ ನೋಡಿದೆ. ಅವ ನನ್ನ ನೋಡಲಿಲ್ಲಲಾ ಶಾಂತಿ? ನಂದೂ ಒಂದು ತಗಿ. ಅಸ್ಥಿ ಜೋಡಿ ಬಿಟ್ಟು ಬರೂಣು."

ಆಗಲಿ ಎಂದೆ. ಗ್ಯಾಲರಿಯ ನೆರಳಿನಲ್ಲಿ ಕೂರಿಸುತ್ತೇನೆ, ಅಲ್ಲಿ ಸುಕ್ಕುಗಳು ಅಷ್ಟು ಕಾಣುವುದಿಲ್ಲ ಎಂದೆ.

"ಸುಕ್ಕು ಯಾಕ ಮುಚ್ಚತೀ?" ಎಂದು ನನ್ನ ಮೇಲೆಯೇ ರೇಗಿದಳು. "ರಜಾ ಇಲ್ಲ ರಜಾ ಇಲ್ಲ ಅಂತ ಹೋದ ದೀಪಾವಳಿಗೂ ಬರಲಿಲ್ಲ ಅಂವ. ಎಷ್ಟು ದಾರಿ ನೋಡೇನಿ ಅನ್ನೋದು ಅವಗ ಕಾಣಲಿ."

ನಾಳಿದ್ದು ಅಸ್ಥಿಯನ್ನು ಹೊಳೆಗೆ ಬಿಡಲು ನಾಶಿಕಕ್ಕೆ ಹೋಗುತ್ತೇವೆ. ನಾಳೆ ಬೆಳಗ್ಗೆ ರೋಲು ಕೊಟ್ಟರೆ ಸಂಜೆಗೆ ತೊಳೆದು ಕೊಡುತ್ತೇನೆಂದು ಸ್ಟುಡಿಯೋದವನು ಒಪ್ಪಿದ್ದಾನೆ. ಮೋಡ ಬಂದರೆ ಏನು ಮಾಡಲಿ? ಅವ್ವನ ಕಣ್ಣು ತುಂಬಿ ಮುಖ ಅಲುಗಿದರೆ? ಕಾಗದ ನೀರಿನಲ್ಲಿ ಎಷ್ಟು ಹೊತ್ತು ತಡೆಯುತ್ತದೆ? ಕೇಳೋಣವೆಂದರೆ ನೀನಿಲ್ಲ.

ಆದರೂ ತೆಗೆಯುತ್ತೇನೆ. ಉಪ್ಪಿನ ಗದ್ದೆಗಳ ಕಡೆಯಿಂದ ಸೂರ್ಯ ಏಳುತ್ತಿದ್ದಂತೆ ಅವ್ವನನ್ನು ಗ್ಯಾಲರಿಯ ಕಟಕಟೆಯ ಪಕ್ಕ ಕೂರಿಸುತ್ತೇನೆ. ಬೆಳಕು ಅಡ್ಡದಿಂದ ಬೀಳಲಿ, ಮುಖದ ಒಂದು ಗೆರೆಯೂ ಅಡಗದಿರಲಿ. ಫೋಟೋವನ್ನು ಮುಖ ಮೇಲೆ ಮಾಡಿ ತೇಲಿಬಿಡಬೇಕೆಂದು ಮಾವ ಹೇಳುತ್ತಾರೆ. ಆದರೆ ನೀನಿರುವುದು ಕೆಳಗಲ್ಲವೇ? ನಾನು ನೀರಿನ ಕಡೆಗೇ ಮುಖ ಮಾಡಿ ಬಿಡುತ್ತೇನೆ.

ನೋಡು, ಅಣ್ಣಾ. ಅವ್ವ ಬಂದಿದ್ದಾಳೆ.

ನಿನ್ನ
ಶಾಂತಿ